ಹೆಸರು ಹೇಳದೆ ಹೋದ ಹಿರಿಯರಿಗೆ

ಅಮೆರಿಕದ ಮಿಲ್ವಾಕಿಯ ಲೈಬ್ರರಿಯಲ್ಲಿ ಪಕ್ಕದ ಮೇಜಿಗೆ ಕೂತಿದ್ದ ಹಿರಿಯರೇ, ನಿಮಗೆ ತುಂಬಾ ಥ್ಯಾಂಕ್ಸ್. ಜರ್ಮನ್ ಮೂಲದ ನನ್ನ ಗಂಡನ ಮನೆತನದ ಹಳೇ ಬೈಬಲ್ಲಿನಲ್ಲಿ ಹುಟ್ಟು, ಮದುವೆ, ಸಾವು ಎಲ್ಲ ಬರೆದಿತ್ತು, ಆದರೆ ಕುರೆಂಟ್ ಎಂಬ ಹಳೇ ಜರ್ಮನ್ ಕೈಬರಹದಲ್ಲಿ. ಈಗಿನ ಜರ್ಮನ್ನರೇ ಅದನ್ನು ಓದಲು ತಿಣುಕುತ್ತಾರೆ, ಇನ್ನು ಮೈಸೂರಿನ ಸೊಸೆಯ ಪಾಡೇನು! ನೀವು ಸರಾಗವಾಗಿ ಓದಿ ಹೇಳಿದಿರಿ.

ಅದಕ್ಕಿಂತ ಜಾಸ್ತಿ ಉಪಕಾರ ಆಗಿದ್ದು ನಿಮ್ಮ ಇನ್ನೊಂದು ಮಾತಿನಿಂದ. ಅಮೆರಿಕದ ಹಳೆಯ ಜನಗಣತಿಯಲ್ಲಿ ಹುಟ್ಟಿದ ಜಾಗಕ್ಕೆ ಸಾಮಾನ್ಯವಾಗಿ ಪ್ರಷ್ಯ (ಆಗಿನ ಜರ್ಮನ್ ರಾಜ್ಯ) ಅಂತಷ್ಟೇ ಇರುತ್ತದೆ, ಪೂರ್ವಜರ ಊರು ಬೇಕಿದ್ದರೆ ಜರ್ಮನಿಯ ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿ ನೋಡಿ ಎಂದಿರಿ. 1850ರಿಂದ 1934ರವರೆಗಿನ ಆ ಪಟ್ಟಿಗಳಲ್ಲಿ ಊರಿನ ಹೆಸರೂ ಇರುತ್ತದೆ. ಬ್ರೆಮೆನ್ ಬಂದರಿನವು ಬಹುಪಾಲು ಹಾಳಾಗಿವೆ. ಪುಣ್ಯಕ್ಕೆ ನಮ್ಮವರು ಹ್ಯಾಂಬರ್ಗಿನಲ್ಲೇ ಹಡಗು ಹತ್ತಿದ್ದರು! ಆಗ ಪ್ರಷ್ಯಕ್ಕೆ ಸೇರಿದ್ದ ಪೊಮೆರೇನಿಯಾ ಪ್ರಾಂತ್ಯದ ಊರು ಸಿಕ್ಕಿತು, ಈಗದು ಪೋಲೆಂಡಿನಲ್ಲಿದೆ. ಅಲ್ಲಿನ ಚರ್ಚ್ ದಾಖಲೆಗಾಗಿ ಪತ್ರ ಬರೆದಿದ್ದೇವೆ.