ವಿಷಯ: ಆರು ಅಡಿ ಟೇಬಲ್‌ಗೆ ದುಡ್ಡು ತಗೊಂಡು ಮೂರು ಅಡಿ ಕೊಟ್ಟದ್ದರ ಬಗ್ಗೆ

ಬೆಂಗಳೂರಿನ ಕಾಮಿಕ್ಸ್ ಮತ್ತು ಅನಿಮೆ (ಜಪಾನಿ ಕಾರ್ಟೂನ್) ಉತ್ಸವದ ಸಂಘಟಕರಿಗೆ ನಮಸ್ಕಾರ.

ಐದು ಸಲ ಫೋನ್ ಮಾಡಿದ್ದೇನೆ. ಐದು ಸಲವೂ "ನೋಡ್ತೇವೆ ಮೇಡಂ" ಎಂದಿದ್ದೀರಿ. ಇಷ್ಟು ಹೊತ್ತಿಗೆ ನೋಡಿ ಆಗಿರಬೇಕು ಅಲ್ವಾ?

ಆರ್ಟಿಸ್ಟ್ ಆ್ಯಲಿಯಲ್ಲಿ, ಅಂದರೆ ಚಿತ್ರಕಾರರು ತಮ್ಮ ಕೆಲಸ ತಾವೇ ಮಾರುವ ಸಾಲಿನಲ್ಲಿ, ಒಬ್ಬರಿಗೆ ಆರು ಅಡಿ ಟೇಬಲ್, ಎಐ ಚಿತ್ರ ಮಾರುವಂತಿಲ್ಲ. ನಿಮ್ಮದೇ ನಿಯಮ, ನಾನು ಓದಿ ಹೇಳಬೇಕಾಗಿಲ್ಲ. 9,000 ರೂಪಾಯಿ, ಮೇಲೆ 18% ಜಿಎಸ್‌ಟಿ, ಒಟ್ಟು 10,620 ಕಟ್ಟಿದೆ. ಪ್ರಿಂಟು, ಸ್ಟಿಕರ್, ಕೀಚೈನ್ ತುಂಬಿದ ಎರಡು ಪೆಟ್ಟಿಗೆ ಹೊತ್ತು ಕಾಸರಗೋಡಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದರೆ, ನನ್ನ ಟೇಬಲ್ಲಿನ ಅರ್ಧದಲ್ಲಿ ಇನ್ನೊಬ್ಬರು ಎಐ ಪ್ರಿಂಟು ಹರಡಿ ಕೂತಿದ್ದರು. ಅದರಲ್ಲೊಬ್ಬ ವೀರನ ಬಲಗೈಗೆ ಆರು ಬೆರಳು. ನೀವು ಹೇಳಿದ ಆರು ನನಗೆ ಕಂಡದ್ದು ಅಲ್ಲಿ ಮಾತ್ರ.

ಅಮ್ಮ ಟೈಲರ್, ನನ್ನ ಬ್ಯಾಗಲ್ಲಿ ಯಾವತ್ತೂ ಟೇಪು ಇರುತ್ತದೆ. ಅಳೆದೆ: ಮೂರು ಅಡಿ ಒಂದು ಇಂಚು. ಹೆಲ್ಪ್ ಡೆಸ್ಕಿಗೆ ಹೋಗಿ ಹೇಳಿದೆ. ಅಲ್ಲಿದ್ದ ಹುಡುಗ ಟೇಪು ನೋಡಿದ, ನನ್ನನ್ನು ನೋಡಿದ, ಕೈಯಲ್ಲಿದ್ದ ಪ್ರಿಂಟು ನೋಡಿದ.

"ಇದು ಯಾವ ಅನಿಮೆ?"

"ಯಕ್ಷಗಾನ. ಮಹಿಷಾಸುರ, ಬಣ್ಣದ ವೇಷ."

"ಅದಕ್ಕೆ ಫ್ಯಾನ್ಸ್ ಇದ್ದಾರಾ?"

ನಾನು ಬಾಯಿ ತೆರೆಯುವ ಮೊದಲೇ "ಸೇಲ್ ಆಗ್ಲಿಲ್ಲಾಂತ ಟೇಬಲ್ ಮೇಲೆ ಹಾಕ್ಬೇಡಿ ಮೇಡಂ" ಎಂದ. ಹಿಂದೆ ಸಾಲಲ್ಲಿ ನಿಂತವರೆಲ್ಲ ನಕ್ಕರು, ಯಾವುದೋ ಪಾತ್ರದ ವೇಷ ಹಾಕಿ ದೊಡ್ಡ ಕತ್ತಿ ಹಿಡಿದಿದ್ದ ಒಬ್ಬನನ್ನು ಬಿಟ್ಟು (ಅವನಿಗೆ ಮುಖವಾಡ ಇತ್ತು, ನಕ್ಕಿರಲೂಬಹುದು). ಆಮೇಲೆ ಆ ಹುಡುಗ ನೀರಿನ ಬಾಟಲಿ ತೆಗೆದು ನನ್ನ ಪ್ರಿಂಟಿನ ಮೇಲೇ ಇಟ್ಟ. ಚುಟ್ಟಿಯ (ವೇಷದ ಮುಖದ ಮೇಲಿಡುವ ಬಿಳಿ ಚುಕ್ಕೆಗಳ ಸಾಲು) ಒಂದೊಂದೇ ಚುಕ್ಕೆ ಬಿಡಿಸಲು ನಾಲ್ಕು ರಾತ್ರಿ ಹಿಡಿದಿತ್ತು. ಮಹಿಷಾಸುರನ ಹಣೆಯಲ್ಲಿ ಈಗ ಒಂದು ಒದ್ದೆ ಬಳೆ.

ನಾನು ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆಯವಳು. ಬೆಳಗಿನವರೆಗೆ ಗದ್ದೆಯಲ್ಲಿ ಕೂತು ಯಕ್ಷಗಾನದ ಆಟ ನೋಡುವವರಿಗೆ ನಿಮ್ಮ ಕಡೆ ಏನಂತಾರೋ ತಿಳಿಸಿ.

ಉತ್ಸವದ ಹಾಲ್‌ ಒಳಗೆ ನೆಟ್‌ವರ್ಕ್ ಇಲ್ಲದೆ ಯುಪಿಐ ಸುಮ್ನೆ ಸುತ್ತುತ್ತಿದ್ದದ್ದು ಬೇರೆ. ಅದನ್ನು ಬಿಟ್ಟಿದ್ದೇನೆ.

ಅರ್ಧ ಟೇಬಲ್ಲಿನ ದುಡ್ಡು 5,310 ರೂಪಾಯಿ ಹದಿನೈದು ದಿನದಲ್ಲಿ ವಾಪಸ್ ಬರಬೇಕು. ಬಾರದಿದ್ದರೆ ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹೊಟ್ಟೆಪಾಡಿಗೆ ಸ್ವಂತ ಕೆಲಸ ಮಾಡುವವರೂ ಗ್ರಾಹಕರೇ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಈ ಸಲ ರೈಲು ಹತ್ತುವ ಸರದಿ ನಿಮ್ಮದು. ಇಲ್ಲಿನ ಆಫೀಸುಗಳಲ್ಲಿ ಮಲಯಾಳ ಬೇಕಾಗುತ್ತದೆ. ನಾವು ಕಷ್ಟಪಟ್ಟು ಕಲಿತಿದ್ದೇವೆ, ನೀವೂ ಇವತ್ತೇ ಶುರು ಮಾಡಿ.

ಇಂತಿ,
ಅರ್ಧ ಟೇಬಲ್ಲಿನವಳು
ಕುಂಬಳೆ, ಕಾಸರಗೋಡು ಜಿಲ್ಲೆ