ಒಂಬತ್ತನೇ ಸ್ಥಾನಕ್ಕೆ ಇಷ್ಟು ಜನರ ಋಣ

ಮೊನ್ನೆ ಭಾನುವಾರ ಈ ಸೀಸನ್ನಿನ ಕೊನೆಯ ಸೈಡ್‌ಕಾರ್ ರೇಸ್ (ಪಕ್ಕದಲ್ಲಿ ಮೂರನೇ ಚಕ್ರ ಇರುವ ಬೈಕು, ಓಡಿಸುವವನ ಜೊತೆ ಇನ್ನೊಬ್ಬ) ಮುಗಿಸಿದೆವು. 11 ಗಾಡಿಗಳಲ್ಲಿ ಒಂಬತ್ತನೇ ಸ್ಥಾನ. ಇದಕ್ಕೂ ಒಂದು ಬರಹ ಬೇಕಾ ಅಂತ ನಗಬೇಡಿ. ಅದಕ್ಕೆ ಮುಂಚಿನ ನಾಲ್ಕು ರೇಸ್‌ಗಳಲ್ಲಿ ನಮಗೆ ರೇಸ್ ಮುಗಿಸುವವರಿಗೆ ಬೀಸುವ ಚೆಕರ್ಡ್ ಫ್ಲ್ಯಾಗ್ ಕಂಡೇ ಇರಲಿಲ್ಲ.

ಒಮ್ಮೆ ಚೈನ್ ತುಂಡಾಯಿತು. ಒಮ್ಮೆ ಇಂಜಿನ್ನೇ ಕೈಕೊಟ್ಟಿತು. ಇನ್ನೊಮ್ಮೆ ಆಯಿಲ್ ಬೋಲ್ಟಿಗೆ ಅದು ಸಡಿಲವಾಗದಂತೆ ಹಿಡಿಯುವ ಲಾಕ್ ವೈರ್ ಕಟ್ಟಿಲ್ಲ ಅಂತ ತಪಾಸಣೆಯಲ್ಲೇ ವಾಪಸ್ ಕಳಿಸಿದರು. ತಪ್ಪು ನನ್ನದೇ. ಬೋಲ್ಟ್ ಬಿಚ್ಚಿಕೊಂಡು ಟ್ರ್ಯಾಕಿಗೆ ಎಣ್ಣೆ ಚೆಲ್ಲಿದರೆ ಬೀಳುವುದು ಹಿಂದೆ ಬರುವವರು. ಆವತ್ತು ಆ ತಪಾಸಕರ ಮೇಲೆ ರೇಗಾಡಿದ್ದೆ. ಕ್ಷಮಿಸಿ, ಮತ್ತೆ ಥ್ಯಾಂಕ್ಸ್ ಕೂಡ.

ನಾಲ್ಕನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸೈಡ್‌ಕಾರ್ ರೇಸಿನಲ್ಲಿ 'ಪ್ಯಾಸೆಂಜರ್' ಅನ್ನುವ ಹೆಸರೇ ಮೋಸ. ಅವನಿಗೆ ಸೀಟೇ ಇಲ್ಲ. ಒಂದು ಚಪ್ಪಟೆ ಹಲಗೆ, ಅಲ್ಲಲ್ಲಿ ಹಿಡಿಗಳು, ಅಷ್ಟೇ. ಮೂರು ಚಕ್ರದ ಗಾಡಿ ಬೈಕಿನ ಹಾಗೆ ವಾಲುವುದಿಲ್ಲ, ಅದಕ್ಕೆ ಬದಲಾಗಿ ಅವನು ವಾಲಬೇಕು. ನಮ್ಮದರಲ್ಲಿ ಸೈಡ್‌ಕಾರ್ ಎಡಕ್ಕಿದೆ. ಎಡ ತಿರುವಿನಲ್ಲಿ ಆ ಚಕ್ರ ಮೇಲೇಳದಂತೆ ಅವನು ಹೊರಗೆ ನೇತಾಡುತ್ತಾನೆ, ನೆಲ ಭುಜಕ್ಕೆ ತಾಗುವಷ್ಟು ಹತ್ತಿರ. ಬಲ ತಿರುವಿನಲ್ಲಿ ದಾಟಿ ಬಂದು ಹಿಂದಿನ ಚಕ್ರದ ಮೇಲೆ ಭಾರ ಹಾಕುತ್ತಾನೆ. ಒಂದು ಲ್ಯಾಪಿನಲ್ಲಿ ಹತ್ತಾರು ಸಲ ಇದೇ ಕೆಲಸ. ನಾನು ಮುಂದೆ ಮಂಡಿಯೂರಿ ಬಾಗಿರುತ್ತೇನೆ. ಅವನು ಎಲ್ಲಿದ್ದಾನೆ ಅಂತ ನನಗೆ ಕಾಣುವುದಿಲ್ಲ, ಗಾಡಿ ಹೇಳಿದರೆ ಗೊತ್ತಾಗಬೇಕು.

ಆವತ್ತು ಗಾಡಿ ಹೇಳಿತ್ತು, ನಾನು ಕೇಳಲಿಲ್ಲ. ಬಲ ತಿರುವು ಮುಗಿದ ಕೂಡಲೇ ಎಡ ತಿರುವು. ಅವನಿನ್ನೂ ಈ ಕಡೆಯಿಂದ ಆ ಕಡೆಗೆ ದಾಟುತ್ತಿದ್ದ. ಮುಂದಿನ ಗಾಡಿಯನ್ನು ಹಿಂದೆ ಹಾಕುವ ಆಸೆಗೆ ನಾನು ಹ್ಯಾಂಡಲ್ ತಿರುಗಿಸಿ ಆಕ್ಸಿಲರೇಟರ್ ಕೊಟ್ಟುಬಿಟ್ಟೆ. ಚಕ್ರ ಎದ್ದಿತು. ನನಗೆ ತರಚು ಗಾಯ, ಅವನಿಗೆ ಕಾಲರ್ ಬೋನ್ ಮುರಿಯಿತು.

ಅವನು ಬೈಯಲಿಲ್ಲ. ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಮೂಳೆ ಕೂಡಿದ ಮೇಲೆ ಬಂದು ಒಂದೇ ಷರತ್ತು ಹಾಕಿದ: "ಪ್ರಾಕ್ಟೀಸ್ ದಿನ ಹ್ಯಾಂಡಲ್ ನನಗೆ ಕೊಡು. ಐದು ಲ್ಯಾಪ್ ನೀನು ಹಿಂದಿರು." ನಿಧಾನವಾಗಿಯೇ ಓಡಿಸಿದ. ಆದರೂ ಮೂರನೇ ಲ್ಯಾಪಿಗೆ ನಾನು ಕೈ ಎತ್ತಿ ನಿಲ್ಲಿಸು ಅಂದೆ. ಎತ್ತಿದ್ದು ಒಂದೇ ಕೈ, ಇನ್ನೊಂದನ್ನು ಬಿಡಲು ಧೈರ್ಯ ಇರಲಿಲ್ಲ. ಇಳಿದ ಮೇಲೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲೂ ಬೆರಳು ಮಡಚಲಿಲ್ಲ. ಅವನೇ ಬಿಚ್ಚಿಕೊಟ್ಟ.

1949ರಲ್ಲಿ ಸೈಡ್‌ಕಾರ್ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ ಮೊದಲು ಗೆದ್ದವರು ಎರಿಕ್ ಆಲಿವರ್. ಪ್ಯಾಸೆಂಜರ್ ಡೆನಿಸ್ ಜೆಂಕಿನ್ಸನ್, ವೃತ್ತಿಯಿಂದ ಪತ್ರಕರ್ತ. ಅದೇ ಜೆಂಕಿನ್ಸನ್ 1955ರ ಮಿಲ್ಲೆ ಮಿಲಿಯಾ ಅನ್ನುವ ಇಟಲಿಯ ರಸ್ತೆ ರೇಸಿನಲ್ಲಿ, ಬ್ರಿಟನ್ನಿನ ಕಾರ್ ರೇಸರ್ ಸ್ಟರ್ಲಿಂಗ್ ಮಾಸ್ ಪಕ್ಕ ಕೂತು, ದಾರಿಯ ಟಿಪ್ಪಣಿ ಬರೆದ ಕಾಗದದ ಸುರುಳಿ ನೋಡುತ್ತಾ ದಾರಿ ಹೇಳಿ ಗೆಲ್ಲಿಸಿದರು. ಬೇರೆಯವರ ಕೈಯಲ್ಲಿ ಜೀವ ಕೊಟ್ಟು ತಲೆ ಓಡಿಸುವುದು ಎಂಥ ಕೆಲಸ ಅಂತ ನನಗೆ ಅರ್ಥವಾದದ್ದು ಆ ಮೂರು ಲ್ಯಾಪ್ ಆದ ಮೇಲೆ.

ಇನ್ನುಳಿದವರು. ಬಿಸಿಲಲ್ಲಿ ದಿನವಿಡೀ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳೇ, ಆವತ್ತು ನಾನು ಏಳುವ ಮೊದಲೇ ನೀವು ಅವನ ಹತ್ತಿರ ಇದ್ದಿರಿ. ಪಕ್ಕದ ಪಿಟ್ಟಿನವರೇ (ಪಿಟ್ ಅಂದರೆ ಗಾಡಿ ರಿಪೇರಿ ಮಾಡುವ ಜಾಗ), ನಮಗಿಂತ ಮುಂದೆ ಬರಬೇಕಾದವರು ರಾತ್ರಿ ಕೂತು ನಮ್ಮ ಇಂಜಿನ್ ಕಟ್ಟಿಕೊಟ್ಟಿರಿ. (ಮುಂದೆಯೇ ಬಂದಿರಿ, ಅದು ಬೇರೆ ಮಾತು.) ಹೆಂಡತಿಗೆ ಏನು ಹೇಳಲಿ? ಟೈರಿಗೆ ಆದ ಖರ್ಚನ್ನು ಎರಡನೇ ಸಲ ಕೇಳಲಿಲ್ಲ, ಅದಕ್ಕೇ ಒಂದು ದೊಡ್ಡ ನಮಸ್ಕಾರ.

ಭಾನುವಾರ ಫ್ಲ್ಯಾಗ್ ದಾಟಿದಾಗ ಬೆನ್ನಿಗೆ ಎರಡು ಏಟು ಬಿತ್ತು. ಖುಷಿಯ ಏಟು ಅಂದುಕೊಂಡೆ. ಪಿಟ್ಟಿಗೆ ಬಂದು ಹೆಲ್ಮೆಟ್ ತೆಗೆದವನೇ ಅಂದ:

"ಆ ಎಡ ತಿರುವಲ್ಲಿ ಇವತ್ತೂ ಒಂದು ಚೂರು ಬೇಗ ಕೊಟ್ಟೆ, ಅಲ್ವಾ?"

ಕೊಟ್ಟಿದ್ದೆ.