ಹಳೆ ಬಟ್ಟೆಗೆ ತಿಂಗಳಿಗೊಂದು ಪ್ರತ್ಯೇಕ ಸಂಗ್ರಹದ ದಿನ ಕೋರಿ ಮನವಿ

ಇವರಿಗೆ,
ಮಾನ್ಯ ಆಯುಕ್ತರು, ಮಹಾನಗರ ಪಾಲಿಕೆ

ಮಾನ್ಯರೇ,

ನಮ್ಮ ವಾರ್ಡಿನಲ್ಲಿ ಹಳೆ ಬಟ್ಟೆಗೆ ಗೊತ್ತಾದ ಜಾಗವಿಲ್ಲ. ಹಸಿ ಕಸದ ಜೊತೆ ಹೋದರೆ ಗೊಬ್ಬರ ಘಟಕದ ಷ್ರೆಡ್ಡರ್ ಬ್ಲೇಡಿಗೆ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ. ಒಣ ಕಸದಲ್ಲಿ ಹೋದರೆ ಗುಜರಿಯವರು ಮುಟ್ಟುವುದಿಲ್ಲ. ದೀಪಾವಳಿಗೆ ಮುಂಚೆ ಮನೆ ಸ್ವಚ್ಛ ಮಾಡುವ ವಾರವಂತೂ ರಸ್ತೆ ತಿರುವಿನಲ್ಲೆಲ್ಲ ಬಟ್ಟೆ ಗಂಟುಗಳೇ.

ಹತ್ತಿ ಸೀರೆ ಹಳತಾದರೆ ಕೌದಿಯಾಗುತ್ತಿತ್ತು, ಪಂಚೆ ಒರೆಸುವ ಬಟ್ಟೆಯಾಗುತ್ತಿತ್ತು. ಈಗ ಅಗ್ಗಕ್ಕೆ ಕೊಂಡು ನಾಲ್ಕು ಸಲ ಉಟ್ಟು ಬಿಸಾಡುವ ಉಡುಪಿನಲ್ಲಿ ಪಾಲಿಯೆಸ್ಟರೇ ಹೆಚ್ಚು. ಅದು ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕೇ: ನೀರು ಹೀರದು, ಮಣ್ಣಲ್ಲಿ ಕರಗದು. ಹತ್ತಿಯೊಡನೆ ನೇಯ್ದು ಇಲಾಸ್ಟೇನ್ ಎಂಬ ಹಿಗ್ಗುವ ಎಳೆ ಸೇರಿಸಿದ್ದರೆ ಎಳೆ ಬೇರ್ಪಡಿಸುವುದೂ ಕಷ್ಟ. ಬರೀ ಹತ್ತಿಯಾದರೂ ಕಸದ ಗುಡ್ಡದ ಆಳದಲ್ಲಿ, ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ.

2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಭಿಯಾನದಡಿ ದೇಶದ ನಗರಗಳಲ್ಲಿ ಆರ್‌ಆರ್‌ಆರ್ (ಬಳಕೆ ತಗ್ಗಿಸು, ಮರುಬಳಸು, ಮರುಸಂಸ್ಕರಿಸು) ಕೇಂದ್ರಗಳು ತೆರೆದು ಹಳೆ ಬಟ್ಟೆ, ಪುಸ್ತಕ, ಚಪ್ಪಲಿ ಸ್ವೀಕರಿಸಿದವು. ಆ ಏರ್ಪಾಡು ನಮ್ಮ ಒಣಕಸ ಕೇಂದ್ರದಲ್ಲಿ ಕಾಯಂ ಆಗಲಿ. ತಿಂಗಳ ಕೊನೆಯ ಶನಿವಾರ ಟಿಪ್ಪರ್ ಬಟ್ಟೆಗೆಂದೇ ಬರಲಿ; ಒಗೆದು ಒಣಗಿಸಿ ಚೀಲಕ್ಕೆ ಕಟ್ಟಿದ್ದನ್ನು ಮಾತ್ರ ಪಡೆಯಲಿ. ಈ ಕೆಲಸ ಕೆಡುವುದೇ ತೇವದಿಂದ. ಒಂದು ಒದ್ದೆ ಟವೆಲ್ ಚೀಲದೊಳಗೆ ಉಳಿದರೆ ಕೆಲವೇ ದಿನದಲ್ಲಿ ಬೂಸ್ಟು ಹಿಡಿದು ಪಕ್ಕದ ಒಳ್ಳೆಯ ಬಟ್ಟೆಯೂ ಹಾಳು. ಆದ್ದರಿಂದ ಕೇಂದ್ರದಲ್ಲಿ ಸೋರದ ಚಾವಣಿ, ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆಗಳು ಮೊದಲು ಬೇಕು.

ವಿಂಗಡಣೆಗೆ ಒಂದು ಉದ್ದ ಮೇಜು ಸಾಕು. ಉಡಲು ಯೋಗ್ಯವಾದವನ್ನು ಮೊದಲೇ ತೆಗೆದಿಡಬೇಕು. ಹರಿದ ಹತ್ತಿ ಬನಿಯನ್, ಬೆಡ್‌ಶೀಟುಗಳನ್ನು ಗುಂಡಿ, ಜಿಪ್ ಕತ್ತರಿಸಿ ಗ್ಯಾರೇಜುಗಳಿಗೆ ವೇಸ್ಟ್ ಬಟ್ಟೆಯಾಗಿ ಮಾರಬಹುದು. ಸ್ವೆಟರುಗಳಿಗೆ ಪಾಣಿಪತ್‌ನ ಶಾಡಿ ನೂಲಿನ, ಎಂದರೆ ಹಳೆ ಬಟ್ಟೆಯ ಎಳೆ ಬಿಡಿಸಿ ಮತ್ತೆ ನೂಲುವ, ಗಿರಣಿಗಳಿವೆ. ಬಟ್ಟೆ ಯಾವುದೆಂದು ಅನುಮಾನ ಬಂದರೆ, ರಾಶಿಯಿಂದ ದೂರದಲ್ಲಿ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡುವುದು: ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಳಿದ ಬೆರಕೆಯನ್ನು ಯಾವ ಕಾರಣಕ್ಕೂ ಬಯಲಲ್ಲಿ ಸುಡದೆ ಅಧಿಕೃತ ಸಂಸ್ಕರಣಾ ಘಟಕಕ್ಕೇ ಕಳಿಸಬೇಕು.

ಇನ್ನೊಂದು ಮಾತು. ಬೆಲೆ ಬಾರದ ಬಟ್ಟೆಯನ್ನು ವಿಂಗಡಿಸುವವರು ಪುಕ್ಕಟೆ ದುಡಿಯಬಾರದು. ಕಿಲೋ ಲೆಕ್ಕದಲ್ಲಿ ಪಾಲಿಕೆಯೇ ಕೂಲಿ ಗೊತ್ತುಮಾಡಿ, ಮಾಸ್ಕ್, ಕೈಗವಸು ಕೊಡಬೇಕು. ಇದಾಗದಿದ್ದರೆ ಯೋಜನೆ ಎರಡನೇ ತಿಂಗಳಿಗೇ ನಿಲ್ಲುತ್ತದೆ.

ಮೊದಲ ಸಂಗ್ರಹ ದೀಪಾವಳಿಗೆ 15 ದಿನ ಮುಂಚೆ ನಡೆಯಲೆಂದು ಕೋರುತ್ತೇವೆ. ಮೇಜು, ತಕ್ಕಡಿ ಮತ್ತು ಮನೆಮನೆಗೆ ತಿಳಿಸುವ ಹೊಣೆ ನಮ್ಮದು.

ತಮ್ಮ ವಿಶ್ವಾಸಿಗಳು,
ವಾರ್ಡಿನ ನಿವಾಸಿಗಳು